ಕಂಡಷ್ಟೇ ಹೇಳುವವರು

ಅಂತರಿಕ್ಷಕ್ಕೆ ಹೋಗಿ ಬಂದ ಮನುಷ್ಯ ಎದುರಿಗೆ ಸಿಕ್ಕಾಗ ನಮಗೆ ಕೇಳಬೇಕೆನಿಸುವುದು ಅಂತರಿಕ್ಷದ ವಿಷಯವನ್ನಲ್ಲ. ರಾಕೇಶ್ ಶರ್ಮ ಅವರನ್ನು ಜನ ವರ್ಷಗಟ್ಟಲೆ ಕೇಳಿದ ಪ್ರಶ್ನೆ, ‘ಮೇಲೆ ದೇವರು ಸಿಕ್ಕನಾ?’ ಸಿಗಲಿಲ್ಲ ಎಂದೇ ಅವರು ಹೇಳಿಕೊಂಡು ಬಂದರು. ಈಚೆಗೆ ಇನ್ನೊಂದು ಸೊಗಸು ಶುರುವಾಗಿದೆಯಂತೆ. ತಾಯಂದಿರು ಮಗುವನ್ನು ಮುಂದಕ್ಕೆ ತಂದು, ಈ ಅಂಕಲ್ ಚಂದ್ರನ ಮೇಲೆ ಹೋಗಿ ಬಂದವರು ಎಂದು ಪರಿಚಯ ಮಾಡಿಸುತ್ತಾರೆ. ಅವರು ಹೋದದ್ದು ಚಂದ್ರನಿಗಲ್ಲ, ಸಲ್ಯೂಟ್-7 ಎಂಬ ಸೋವಿಯತ್ ನಿಲ್ದಾಣಕ್ಕೆ. ಅದು ಸುತ್ತುತ್ತಿದ್ದುದು ಸುಮಾರು ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ. ದೂರದ ಲೆಕ್ಕಕ್ಕೆ ನೋಡಿದರೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಮಂಗಳೂರಿಗೆ ಹೋಗುವಷ್ಟೂ ಇಲ್ಲ.

ದೇವರು ಸಿಕ್ಕ ಎಂದೋ, ಸಿಕ್ಕ ಹಾಗಾಯಿತು ಎಂದೋ ಒಂದೇ ಒಂದು ಮಾತು ಹೇಳಿದ್ದರೆ ಅವರಿಗೆ ಈ ದೇಶದಲ್ಲಿ ಏನು ತಾನೆ ದಕ್ಕುತ್ತಿರಲಿಲ್ಲ! ಕಾಲಿಗೆ ಬೀಳುವವರ ಸಾಲು ಹತ್ತು ಪಟ್ಟು ಉದ್ದವಾಗುತ್ತಿತ್ತು. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಸುಮ್ಮನೆ ಮೇಲೆ ನೋಡಿ ನಿಟ್ಟುಸಿರು ಬಿಟ್ಟಿದ್ದರೆ ಸಾಕಿತ್ತು, ಮಿಕ್ಕದ್ದನ್ನು ನಾವೇ ತುಂಬಿಕೊಳ್ಳುತ್ತಿದ್ದೆವು. ಅಷ್ಟನ್ನೂ ಮಾಡದೆ ಇಲ್ಲ ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗುವ ಮನುಷ್ಯನ ಬಗ್ಗೆ ನನಗೆ ಮೊದಲಿನಿಂದ ಕುತೂಹಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವ ಊರು ನಮ್ಮದು ಎಂದು ಗಾದೆಯೇ ಇದೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಸಭಾಂಗಣವೊಂದರಲ್ಲಿ ಅವರ ಮಾತಿದೆ ಎಂದು ತಿಳಿದಾಗ ಹೋದೆ. ಸಭೆ ಕಿಕ್ಕಿರಿದಿತ್ತು. ಅರ್ಧಕ್ಕರ್ಧ ಶಾಲಾ ಮಕ್ಕಳು, ಅವರನ್ನು ಕರೆತಂದ ಅಪ್ಪ ಅಮ್ಮಂದಿರು. ಮಕ್ಕಳ ಮಡಿಲಲ್ಲಿ ನೋಟ್ ಪುಸ್ತಕ, ದೊಡ್ಡವರ ಕೈಯಲ್ಲಿ ಎತ್ತಿ ಹಿಡಿದ ಮೊಬೈಲು. ಪರಿಚಯ ಭಾಷಣ ಮಾಡಿದವರು ನಮ್ಮ ಕಡೆಯ ಪದ್ಧತಿಯಂತೆ ಅತಿಥಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಆಕಾಶಕ್ಕೆ ಏಣಿ ಹಾಕಿದ ಧೀರ, ಸಾವನ್ನು ಗೆದ್ದ ವೀರ, ಭಾರತಾಂಬೆಯ ವರಪುತ್ರ ಎಲ್ಲ ಬಂದವು. ಶಾಲು, ಪೇಟ, ಹಣ್ಣಿನ ಬುಟ್ಟಿ ಆದವು. ಪೇಟವನ್ನು ಮೆಲ್ಲಗೆ ತೆಗೆದು ಪಕ್ಕದ ಮೇಜಿನ ಮೇಲಿಟ್ಟು ಮೈಕಿನ ಮುಂದೆ ಬಂದು ನಿಂತವರು ಮಾತ್ರ ಆ ಧೀರನೂ ಅಲ್ಲ, ಆ ವರಪುತ್ರನೂ ಅಲ್ಲ. ಮಾಡಿದ ಕೆಲಸದ ವರದಿ ಒಪ್ಪಿಸಲು ಬಂದ ಹಿರಿಯ ನೌಕರನಂತಿದ್ದರು.

ರಾಕೆಟ್ಟು ಮೇಲೇಳುವಾಗ ಹೇಗನ್ನಿಸಿತು ಎಂಬುದಕ್ಕೆ ಅವರು ಹೇಳಿದ್ದು, ಬೇರೆ ಕಡೆಗಳಲ್ಲೂ ಹೇಳಿರುವುದು: ಬೋರು ಹೊಡೆಯಿತು. ಅಷ್ಟು ಸಲ ಅಭ್ಯಾಸ ಮಾಡಿದ್ದರಿಂದ ಅದು ದಿನನಿತ್ಯದ ಕೆಲಸದ ಹಾಗೆಯೇ ಆಗಿಬಿಟ್ಟಿತ್ತು. ಸಭೆ ಗೊಳ್ಳೆಂದಿತು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆವು. ಅವರ ಮುಖದಲ್ಲಿ ತಮಾಷೆಯ ಗುರುತೇನೂ ಇರಲಿಲ್ಲ.

ಆ ಬೋರಿನ ಹಿಂದೆ ಏನೇನಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1982ರಲ್ಲಿ ವಾಯುಪಡೆಯಿಂದ ಆರಿಸಿದ ಇಬ್ಬರಲ್ಲಿ ಒಬ್ಬರು ರಾಕೇಶ್ ಶರ್ಮ, ಇನ್ನೊಬ್ಬರು ರವೀಶ್ ಮಲ್ಹೋತ್ರ. ಆಯ್ಕೆಯ ಪರೀಕ್ಷೆಗಳಲ್ಲಿ ಒಂದು ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ವಾಯುಪಡೆಯ ಕೇಂದ್ರವೊಂದರಲ್ಲಿ ಶರ್ಮ ಅವರನ್ನು 72 ಗಂಟೆ ಒಂದು ಕೋಣೆಯಲ್ಲಿ ಕೂಡಿಹಾಕಿದರು. ಒಳಗೆ ಬರೀ ದೀಪದ ಬೆಳಕು. ಹೊರಗೆ ಬೆಳಗಾಯಿತೋ ಇರುಳಾಯಿತೋ ತಿಳಿಯುವಂತಿಲ್ಲ. ಮುಚ್ಚಿದ ಜಾಗದ ಹೆದರಿಕೆ ಮನಸ್ಸಿನ ಮೂಲೆಯಲ್ಲೆಲ್ಲಾದರೂ ಅಡಗಿದೆಯೋ ಎಂದು ನೋಡುವ ಉಪಾಯ ಅದು. ವಿಮಾನಪುರದಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ನಮ್ಮದೇ ಗಗನಯಾನ ಯೋಜನೆಗೆ ಆಯ್ಕೆಯಾದವರನ್ನು ಒರೆಗೆ ಹಚ್ಚಿದ್ದೂ ಅಲ್ಲಿಯೇ. ಹಳೆ ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಗಂಟೆಗಟ್ಟಲೆ ಶಾಪ ಹಾಕುವ ನಮಗೆ, ಕಾಂಪೌಂಡಿನ ಆಚೆ ಇಂಥ ತಾಳ್ಮೆಯ ಪರೀಕ್ಷೆಗಳೂ ನಡೆಯುತ್ತವೆ ಎಂಬುದು ನೆನಪಿಗೆ ಬರುವುದಿಲ್ಲ.

ಅಲ್ಲಿಂದ ಮಾಸ್ಕೋದ ಹೊರವಲಯದ ಸ್ಟಾರ್ ಸಿಟಿಗೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಿಮದಲ್ಲಿ ನಡೆದು ಹೋಗಬೇಕು. ಪಾಠವೆಲ್ಲ ರಷ್ಯನ್ನಿನಲ್ಲಿ, ಯಂತ್ರಗಳ ಮೇಲಿನ ಬರಹ ರಷ್ಯನ್ನಿನಲ್ಲಿ, ಅಪಾಯದ ಹೊತ್ತಿಗೆ ಕಿವಿಗೆ ಬೀಳುವ ಆಜ್ಞೆಯೂ ರಷ್ಯನ್ನಿನಲ್ಲಿ. ಆದ್ದರಿಂದ ಮೊದಲ ಮೂರು ತಿಂಗಳು ದಿನಕ್ಕೆ ಆರೇಳು ಗಂಟೆ ಬರೀ ಭಾಷೆ. ಮೂವತ್ತರ ಆಚೆ ಅಕ್ಷರಾಭ್ಯಾಸ ಮಾಡುವ ಕಷ್ಟ ನೆಂಟರ ಊರಿಗೆ ಹೋಗಿ ಅವರ ಭಾಷೆ ಕಲಿಯಲು ಹೊರಟ ಯಾರಿಗಾದರೂ ಗೊತ್ತು. ಮೈಯ ಶಕ್ತಿ, ವೇಗ, ದಮ್ಮು ನೋಡಿಕೊಳ್ಳಲು ಒಲಿಂಪಿಕ್ ಮಟ್ಟದ ತರಬೇತುದಾರ. ಹೀಗೆ ಸುಮಾರು ಒಂದೂವರೆ ವರ್ಷ.

ಹಾಗಾಗಿ 1984ರ ಏಪ್ರಿಲ್ 3ರಂದು ಬೈಕನೂರಿನಲ್ಲಿ ಸೊಯುಜ್ ಟಿ-11 ಮೇಲೆದ್ದಾಗ ಅವರ ಎದೆ ಹೊಡೆದುಕೊಳ್ಳಲಿಲ್ಲ ಎಂದರೆ, ಅದಕ್ಕೆ ಗಂಡೆದೆಯೇ ಕಾರಣ ಎಂದು ನಾವು ಅರ್ಥ ಮಾಡಿಕೊಂಡರೆ ತಪ್ಪಾಗುತ್ತದೆ. ಎದೆ ಹೊಡೆದುಕೊಳ್ಳದ ಹಾಗೆ ನೋಡಿಕೊಳ್ಳುವುದಕ್ಕೇ ಒಂದೂವರೆ ವರ್ಷ ಅಷ್ಟೊಂದು ಜನ ದುಡಿದಿದ್ದರು. ಪಾಠ ಹೇಳಿದವರು, ಉಡುಪು ಹೊಲಿದವರು, ಕವಾಟ ತಿರುಗಿಸಿ ನೋಡಿ ಸಹಿ ಹಾಕಿದವರು. ಹಾರಾಟ ರೋಮಾಂಚಕವಾಗಿತ್ತು ಎಂದರೆ ಎಲ್ಲೋ ಏನೋ ಎಡವಟ್ಟಾಗಿತ್ತು ಎಂದೇ ಅವರ ಕಸುಬಿನಲ್ಲಿ ಅರ್ಥ. ಯುದ್ಧವಿಮಾನದವರ ಜಗತ್ತು ಹಾಗೆಯೇ ನಡೆಯುವುದು. 1971ರ ಯುದ್ಧದಲ್ಲಿ ಇಪ್ಪತ್ತೆರಡರ ಹುಡುಗನಾಗಿ ಮಿಗ್-21 ಹಾರಿಸಿದ ಶರ್ಮ ಅವರಿಗೆ ಅದು ಹೊಸದಾಗಿರಲಾರದು. ರೋಮಾಂಚನ ಬೇಕಾಗಿದ್ದುದು ಕೆಳಗಿದ್ದ ನಮಗೆ. ನನಗೂ ನೆನಪಿದೆ: ಮಾರನೆಯ ಬೆಳಿಗ್ಗೆ ಪರೀಕ್ಷೆಗೆ ಕೂತ ನಮ್ಮ ಮುಂದೆ ಮೇಷ್ಟ್ರು ಪೇಪರಿನ ಮೊದಲ ಪುಟ ಬಿಚ್ಚಿ ಹಿಡಿದು, ಪ್ರಶ್ನೆಪತ್ರಿಕೆ ಕೊಡುವುದನ್ನೇ ಮರೆತಿದ್ದರು.

ಇನ್ನು ಸಾವನ್ನು ಗೆದ್ದ ವೀರನ ವಿಷಯ. ಆ ನೌಕೆಯಲ್ಲಿ ಮೂರು ಆಸನ. ನಡುವೆ ಕಮಾಂಡರ್ ಯೂರಿ ಮಾಲಿಶೆವ್, ಒಂದು ಬದಿಗೆ ಎಂಜಿನಿಯರ್ ಗೆನ್ನಾದಿ ಸ್ತ್ರೆಕಾಲೊವ್, ಇನ್ನೊಂದು ಬದಿಗೆ ನಮ್ಮವರು. ಈ ಸ್ತ್ರೆಕಾಲೊವ್ ಯಾರೆಂದು ಭಾರತದಲ್ಲಿ ಎಷ್ಟು ಜನಕ್ಕೆ ಗೊತ್ತು? ಅದಕ್ಕೂ ಆರು ತಿಂಗಳ ಹಿಂದೆ, 1983ರ ಸೆಪ್ಟೆಂಬರ್ 26ರ ರಾತ್ರಿ, ಅದೇ ಬೈಕನೂರಿನಲ್ಲಿ ಅವರು ವ್ಲಾದಿಮಿರ್ ತಿತೊವ್ ಜೊತೆ ರಾಕೆಟ್ಟಿನ ತುದಿಯಲ್ಲಿ ಕೂತಿದ್ದರು. ಹೊರಡಲು ಒಂದೂವರೆ ನಿಮಿಷ ಇರುವಾಗ ಬುಡದಲ್ಲಿ ಇಂಧನ ಸೋರಿ ಬೆಂಕಿ ಹತ್ತಿತು. ತಪ್ಪಿಸಿಕೊಳ್ಳುವ ವ್ಯವಸ್ಥೆಗೆ ಸುದ್ದಿ ಮುಟ್ಟಿಸಬೇಕಾದ ತಂತಿಗಳೇ ಸುಟ್ಟುಹೋದವು. ಒಳಗಿದ್ದವರು ತಾವಾಗಿಯೇ ಏನೂ ಮಾಡುವ ಹಾಗಿರಲಿಲ್ಲ. ಕೊನೆಗೆ ನಿಯಂತ್ರಣ ಕೋಣೆಯಿಂದ ರೇಡಿಯೋ ಆಜ್ಞೆ ಹೋಗಿ, ತುದಿಯ ಪುಟ್ಟ ರಾಕೆಟ್ಟು ಅವರಿದ್ದ ಕೋಶವನ್ನು ಕಿತ್ತುಕೊಂಡು ಆಚೆ ಹಾರಿತು. ಕೆಲವೇ ಸೆಕೆಂಡಿನಲ್ಲಿ ಕೆಳಗಿನ ಇಡೀ ರಾಕೆಟ್ಟು ಸಿಡಿಯಿತು. ನಾಲ್ಕು ಕಿಲೋಮೀಟರ್ ದೂರದಲ್ಲಿ ಇಬ್ಬರೂ ಮೈಕೈ ನೋವಿನೊಂದಿಗೆ ಜೀವಂತ ಇಳಿದರು.

ಆ ಮನುಷ್ಯ ಆರು ತಿಂಗಳಿಗೆ ಮತ್ತೆ ಅದೇ ಬಗೆಯ ರಾಕೆಟ್ಟಿನ ಮೇಲೆ ಹತ್ತಿ ಕೂತರು. ಅದೂ ಕೊನೆಯ ಗಳಿಗೆಯ ಬದಲಾವಣೆ. ಆ ಜಾಗಕ್ಕೆ ಗೊತ್ತಾಗಿದ್ದವರು ನಿಕೊಲಾಯ್ ರುಕಾವಿಷ್ನಿಕೊವ್, ಅವರಿಗೆ ಕಾಯಿಲೆಯಾದ್ದರಿಂದ ಇವರು ಬಂದರು. ಅಂಥವರ ಪಕ್ಕದಲ್ಲಿ ಬೆಲ್ಟು ಬಿಗಿದು ಕೂತ ಮೇಲೆ ಯಾರಾದರೂ ತನ್ನನ್ನು ತಾನೇ ಧೀರ ಎಂದು ಹೇಗೆ ಕರೆದುಕೊಂಡಾನು? ಸ್ತ್ರೆಕಾಲೊವ್ ಅವರಿಗೂ ಮಾಲಿಶೆವ್ ಅವರಿಗೂ ಭಾರತ ಸರ್ಕಾರ ಶರ್ಮ ಅವರೊಂದಿಗೇ ಅಶೋಕ ಚಕ್ರ ಕೊಟ್ಟಿತು. ನಮ್ಮ ಸರ್ಕಾರಗಳು ಸಮಯಕ್ಕೆ ಸರಿಯಾಗಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು ಎಂದು ನನ್ನ ಲೆಕ್ಕ. ಇಬ್ಬರೂ ಈಗಿಲ್ಲ.

ವಿನಯ ಎಂಬುದು ಸ್ವಭಾವ, ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ಉಳಿದವರು ಕಷ್ಟಪಟ್ಟು ನಟಿಸುತ್ತಾರೆ ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆ ಸಂಜೆಯ ಮಾತು ಕೇಳುತ್ತ ನನಗೆ ಬೇರೆಯೇ ಹೊಳೆಯಿತು. ಇಲ್ಲಿ ಕೆಲಸ ಮಾಡುತ್ತಿದ್ದುದು ಸ್ವಭಾವವಲ್ಲ, ಮಾಹಿತಿ. ತನ್ನ ಸಾಧನೆಯಲ್ಲಿ ತನ್ನದೆಷ್ಟು, ಇತರರದೆಷ್ಟು, ಬರೀ ಅದೃಷ್ಟದ್ದೆಷ್ಟು ಎಂಬುದು ಒಬ್ಬ ಮನುಷ್ಯನಿಗೆ ಪೈಸೆ ಪೈಸೆ ಲೆಕ್ಕ ಗೊತ್ತಿದ್ದರೆ, ಉಬ್ಬಿಸಿ ಹೇಳಲು ಅವನಿಗೆ ನಾಲಿಗೆಯೇ ಬರುವುದಿಲ್ಲ. ಉಬ್ಬಿಸುವವರು ಕೆಟ್ಟವರೇ ಆಗಬೇಕಿಲ್ಲ. ಅನೇಕ ಸಲ ಅವರು ಲೆಕ್ಕ ಇಡದವರು.

ರವೀಶ್ ಮಲ್ಹೋತ್ರ ಆ ಲೆಕ್ಕದ ಮುಖ್ಯ ಬಾಬತ್ತು. ಅವರೂ ಅದೇ ಹಿಮದಲ್ಲಿ ನಡೆದರು, ಅದೇ ರಷ್ಯನ್ ಕಲಿತರು, ಅದೇ ಕೃತಕ ಕೋಶದಲ್ಲಿ ಕೂತು ಅದೇ ಗುಂಡಿಗಳನ್ನು ಒತ್ತಿದರು. ಶರ್ಮ ಅವರಿಗಿಂತ ಐದು ವರ್ಷ ಹಿರಿಯರು. ಹಾರಲು ಒಬ್ಬರು ಸಾಕಿತ್ತು, ಇನ್ನೊಬ್ಬರು ಕಾಯ್ದಿರಿಸಿದ ಆಳು. ಹೊರಡುವ ತನಕ ಮೊದಲನೆಯವರಿಗೆ ನೆಗಡಿ ಬಂದರೂ ಎರಡನೆಯವರು ಹೋಗಬೇಕು. ಅಂದರೆ ಎರಡನೆಯವರ ತಯಾರಿ ಒಂದು ಗುಲಗಂಜಿಯಷ್ಟೂ ಕಡಿಮೆ ಇರುವಂತಿಲ್ಲ. ನೆಗಡಿ ಬರಲಿಲ್ಲ. ರಾಕೆಟ್ಟು ಹೋಯಿತು. ಒಬ್ಬರ ಹೆಸರು ಆ ವರ್ಷ ಹುಟ್ಟಿದ ಎಷ್ಟೋ ಮಕ್ಕಳಿಗೆ ಇಟ್ಟರು. ಇನ್ನೊಬ್ಬರಿಗೆ ಕೀರ್ತಿ ಚಕ್ರ ಸಿಕ್ಕಿತು; ಆಮೇಲೆ ಅವರು ಬೆಂಗಳೂರಿನಲ್ಲೇ ವಿಮಾನದ ಭಾಗಗಳನ್ನು ಮಾಡುವ ಉದ್ಯಮದಲ್ಲಿ ಕೆಲಸ ಮಾಡಿಕೊಂಡಿದ್ದರು. ಇದೇ ಊರಿನ ಅಂಗಡಿ ಬೀದಿಗಳಲ್ಲಿ, ಬ್ಯಾಂಕಿನ ಸಾಲಿನಲ್ಲಿ ಅವರ ಪಕ್ಕ ನಿಂತವರಿಗೆ ಇವರು ಯಾರೆಂದು ತಿಳಿದಿದ್ದೀತೆ?

ಮೈಸೂರಿನ ಪಾಲೂ ಆ ಹಾರಾಟದಲ್ಲಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸಭೆಯಲ್ಲಿ ದೊಡ್ಡ ಚಪ್ಪಾಳೆ ಬಿದ್ದದ್ದು ಅದಕ್ಕೆ. ಸಿದ್ಧಾರ್ಥನಗರದ ರಕ್ಷಣಾ ಆಹಾರ ಸಂಶೋಧನಾಲಯದವರು ರವೆ ಹಲ್ವ, ಆಲೂ ಛೋಲೆ, ತರಕಾರಿ ಪುಲಾವ್ ಕಟ್ಟಿ ಕಳಿಸಿದ್ದರು. ಅದನ್ನು ಶರ್ಮ ಜೊತೆಯವರಿಗೂ ಹಂಚಿದರು. ಮೈಸೂರಿನಿಂದ ಹೋದ ಮೇಲೆ ಅದನ್ನು ಹಲ್ವ ಅನ್ನಬೇಕೋ ಕೇಸರಿಬಾತ್ ಅನ್ನಬೇಕೋ ಎಂದು ಪಕ್ಕದವರೊಬ್ಬರು ನನ್ನ ಕಿವಿಯಲ್ಲಿ ತಕರಾರು ತೆಗೆದರು.

ಪ್ರಶ್ನೋತ್ತರದಲ್ಲಿ ಮಕ್ಕಳು ದೊಡ್ಡವರಿಗಿಂತ ಮೇಲು. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಎದ್ದು ‘ಅಂಕಲ್, ಅಲ್ಲಿ ಟಾಯ್ಲೆಟ್‌ಗೆ ಹೇಗೆ ಹೋಗ್ತಿದ್ರಿ?’ ಎಂದಳು. ಅವಳ ತಾಯಿ ಮುಖ ಮುಚ್ಚಿಕೊಂಡರು. ನನಗಂತೂ ಆ ಸಂಜೆಯ ಅತ್ಯಂತ ಗಂಭೀರ ಪ್ರಶ್ನೆ ಅದೇ ಎನಿಸಿತು. ಯಾವುದೂ ಕೆಳಗೆ ಬೀಳದ ಜಾಗದಲ್ಲಿ ಎಲ್ಲವನ್ನೂ ಗಾಳಿಯಿಂದ ಎಳೆದುಕೊಳ್ಳುವ ಕೊಳವೆ ಬೇಕು. ಆ ಕೊಳವೆ ಕೆಟ್ಟರೆ ದೇಶಭಕ್ತಿ, ಶೌರ್ಯ, ದೇವರು ಎಲ್ಲ ಹಿಂದಕ್ಕೆ ಸರಿಯುತ್ತವೆ. ಹುಡುಗಿಗೆ ವಿವರವಾಗಿಯೇ ಉತ್ತರ ಸಿಕ್ಕಿತು. ಹಿಂದೆಯೇ ಒಬ್ಬ ತಂದೆ ಎದ್ದು, ನನ್ನ ಮಗ ಆಸ್ಟ್ರೋನಾಟ್ ಆಗಬೇಕು ಅಂತಿದ್ದಾನೆ ಸರ್, ಈಗಿನಿಂದಲೇ ಯಾವ ಕೋಚಿಂಗ್ ಸೇರಿಸಬೇಕು ಎಂದು ಕೇಳಿದರು. ಮಗ ಪಕ್ಕದಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಆ ತಂದೆಯನ್ನು ನಾನು ಹೀಗಳೆಯಲಾರೆ. ಊರೆಲ್ಲ ಕೋಚಿಂಗ್ ಬೋರ್ಡುಗಳೇ ತುಂಬಿರುವಾಗ ಅಂತರಿಕ್ಷಕ್ಕೂ ಒಂದು ಬ್ಯಾಚು ಇದ್ದೀತು ಎಂದು ಅನಿಸುವುದು ಸಹಜವೇ.

ಇಂದಿರಾ ಗಾಂಧಿಯವರ ಪ್ರಶ್ನೆ ಬಾರದೆ ಇಂಥ ಸಭೆ ಮುಗಿಯುವುದಿಲ್ಲ. ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಎಂದು ಪ್ರಧಾನಿ ಕೇಳಿದ್ದು, ಶರ್ಮ ಇಕ್ಬಾಲ್ ಹಾಡಿನ ಸಾಲಿನಿಂದ ಉತ್ತರ ಕೊಟ್ಟದ್ದು, ಟೀವಿ ಮುಂದೆ ಕೂತ ದೇಶ ಹಿಗ್ಗಿದ್ದು ಈಗ ದಂತಕತೆ. ಆ ದಂತಕತೆಯ ಗಾಳಿಯನ್ನೂ ಅವರು ತಾವೇ ಸ್ವಲ್ಪ ಇಳಿಸಿದ್ದಾರೆ. ಶಾಲೆಯಲ್ಲಿ ದಿನಾ ರಾಷ್ಟ್ರಗೀತೆಯ ನಂತರ ಹೇಳಿಸುತ್ತಿದ್ದ ಹಾಡು, ಬಾಯಿಗೆ ತಟ್ಟನೆ ಬಂದದ್ದು ಅದು, ಅಬ್ಬರದ ದೇಶಪ್ರೇಮವೇನೂ ಅದರಲ್ಲಿರಲಿಲ್ಲ ಎಂದು. ನನಗೆ ಆ ಉತ್ತರ ಇದನ್ನು ತಿಳಿದ ಮೇಲೆ ಇನ್ನೂ ಹೆಚ್ಚು ಹಿಡಿಸಿತು. ಯಾರೋ ಬರೆದುಕೊಟ್ಟದ್ದಲ್ಲ, ಯೋಚಿಸಿ ಹೊಸೆದದ್ದೂ ಅಲ್ಲ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿದ್ದೆಗಣ್ಣಿನಲ್ಲಿ ಕಲಿತದ್ದು ಅಷ್ಟೆತ್ತರದಲ್ಲಿ ಕೈಹಿಡಿಯಿತು. ಮಕ್ಕಳಿಗೆ ಬಾಯಿಪಾಠ ಮಾಡಿಸುವುದನ್ನು ಕಂಡರೆ ಸಿಡುಕುವ ನನ್ನಂಥವರು ಇದನ್ನು ಗಮನಿಸಬೇಕು.

ಒಂದು ವಿಷಯಕ್ಕೆ ಮಾತ್ರ ಅವರ ವರದಿಯ ದನಿ ಬದಲಾಯಿತು. ಅದು ಭೂಮಿಯನ್ನು ನೋಡಿದ ವಿಷಯ. ಎಂಟು ದಿನಕ್ಕೆ ಕೆಲವೇ ಗಂಟೆ ಕಡಿಮೆ ಅವರು ಮೇಲಿದ್ದದ್ದು. ಒಂದೂವರೆ ಗಂಟೆಗೊಂದು ಸುತ್ತು, ದಿನಕ್ಕೆ ಹದಿನಾರು ಸೂರ್ಯೋದಯ. ಆದರೆ ಕಿಟಕಿಗೆ ಅಂಟಿಕೊಂಡು ಕೂರಲು ಪುರುಸೊತ್ತೆಲ್ಲಿ? ಭಾರತದ ನೆಲದ ಚಿತ್ರ ತೆಗೆಯಬೇಕು, ಲೋಹ ಕರಗಿಸುವ ಪ್ರಯೋಗ ನೋಡಬೇಕು, ಸೊಂಟಕ್ಕೆ ರಬ್ಬರ್ ಪಟ್ಟಿ ಕಟ್ಟಿಕೊಂಡು ತೂಕವಿಲ್ಲದ ಮೈಯಲ್ಲಿ ಯೋಗಾಸನ ಹಾಕಬೇಕು. ಮತ್ತೊಮ್ಮೆ ಹೋಗುವುದಾದರೆ ಪ್ರವಾಸಿಯಾಗಿ ಹೋಗಿ ಸುಮ್ಮನೆ ನೋಡುತ್ತ ಕೂರಬೇಕು ಎಂಬ ಆಸೆಯನ್ನು ಅವರು ಬೇರೆ ಕಡೆಯೂ ಹೇಳಿದ್ದಾರೆ. ದೇವರ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಟ್ಟವರು ಇದನ್ನು ಹೇಳುವಾಗ ನಡುವೆ ಎರಡು ಸಲ ನಿಂತರು.

ಮೇಲಿನಿಂದ ಗಡಿಗಳು ಕಾಣುವುದಿಲ್ಲ ಎಂಬ ಮಾತೂ ಬಂತು. ಹೋಗಿ ಬಂದವರು ಬಹುಪಾಲು ಎಲ್ಲರೂ ಹೇಳುವ ಮಾತು ಅದು, ಕೇಳಿ ಕೇಳಿ ಅದರ ಅಂಚು ಸವೆದಿದೆ. ಆದರೆ ಇವರ ಬಾಯಲ್ಲಿ ಅದಕ್ಕೆ ಬೇರೆ ತೂಕ. ಇವರು ಹುಟ್ಟಿದ್ದು 1949ರಲ್ಲಿ, ಪಟಿಯಾಲದಲ್ಲಿ. ಪಂಜಾಬು ಎರಡಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮಲ್ಹೋತ್ರ ಹುಟ್ಟಿದ್ದು 1943ರಲ್ಲಿ, ಲಾಹೋರಿನಲ್ಲಿ. ಗಡಿಯ ಗೆರೆ ಎಲ್ಲಿದೆ, ಅದನ್ನು ದಾಟಿದರೆ ಏನಾಗುತ್ತದೆ ಎಂಬುದನ್ನು ಯುದ್ಧವಿಮಾನದಲ್ಲಿ ಕೂತು ತಿಳಿದವರು, ಮೇಲಿನಿಂದ ಅದು ಇಲ್ಲ ಎನ್ನುತ್ತಾರೆ. ಇನ್ನೂ ಒಂದು ಮೋಜು ನೋಡಿ: ಅವರು ಸಲ್ಯೂಟ್‌ನಲ್ಲಿದ್ದ ದಿನಗಳಲ್ಲೇ ಅಮೆರಿಕದ ಚಾಲೆಂಜರ್ ನೌಕೆಯೂ ಐದು ಜನರನ್ನು ಹೊತ್ತು ಸುತ್ತುತ್ತಿತ್ತು. ಶೀತಲ ಸಮರದ ನಟ್ಟನಡುವೆ, ನಿಲ್ದಾಣದಲ್ಲಿ ಮೊದಲೇ ಇದ್ದವರನ್ನೂ ಲೆಕ್ಕಕ್ಕೆ ಹಿಡಿದರೆ, ಎರಡೂ ಕಡೆಯವರು ಸೇರಿ ಹನ್ನೊಂದು ಮಂದಿ ಒಂದೇ ಹೊತ್ತಿಗೆ ಅಂತರಿಕ್ಷದಲ್ಲಿ. ಅಲ್ಲಿಯವರೆಗೆ ಅಷ್ಟು ಜನ ಒಟ್ಟಿಗೆ ಮೇಲೆ ಇದ್ದದ್ದಿಲ್ಲ.

ಆದರೆ 2011ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣದಿಂದ ತೆಗೆದ ಒಂದು ರಾತ್ರಿಯ ಚಿತ್ರವನ್ನು ನಾಸಾ ಪ್ರಕಟಿಸಿತು. ಕಪ್ಪು ನೆಲದ ಮೇಲೆ ಊರುಗಳ ಬೆಳಕಿನ ಚುಕ್ಕೆಗಳು, ಅವುಗಳ ನಡುವೆ ಡೊಂಕುಡೊಂಕಾಗಿ ಓಡುವ ಕಿತ್ತಳೆ ಬಣ್ಣದ ಒಂದು ಗೆರೆ. ಅದು ನದಿಯಲ್ಲ, ಹೆದ್ದಾರಿಯಲ್ಲ. ಭಾರತ ಪಾಕಿಸ್ತಾನಗಳ ಗಡಿಯ ಬೇಲಿಯುದ್ದಕ್ಕೂ ನಾವು ಹಾಕಿರುವ ಫ್ಲಡ್‌ಲೈಟುಗಳು. 1984ರಲ್ಲಿ ಕಾಣದಿದ್ದ ಗೆರೆ ಈಗ ಕಾಣುತ್ತದೆ, ರಾತ್ರಿ ಹೊತ್ತು, ಚೆನ್ನಾಗಿ. ಅದನ್ನು ಹಾಕಿದವರಿಗೆ ಅವರದೇ ಕಾರಣಗಳಿವೆ, ಗಡಿಯ ಹಳ್ಳಿಯಲ್ಲಿ ಮಲಗುವವರಿಗೆ ಆ ದೀಪ ಬೇಕಾಗಿಯೂ ಇದ್ದೀತು. ಬೆಂಗಳೂರಿನಲ್ಲಿ ಕೂತು ಅದರ ಮೇಲೆ ತೀರ್ಪು ಕೊಡುವುದು ನನಗೆ ಸುಲಭವಾಗಿ ಬರುವುದಿಲ್ಲ. ಆದರೂ ಗಡಿ ಕಾಣುವುದಿಲ್ಲ ಎಂದು ಚಪ್ಪಾಳೆ ತಟ್ಟುವ ನಾವು ಆ ಚಿತ್ರವನ್ನೂ ಒಮ್ಮೆ ತೆರೆದು ನೋಡಿದರೆ ಒಳ್ಳೆಯದು. ಕಂಡಷ್ಟೇ ಹೇಳುವ ಮನುಷ್ಯನನ್ನು ಈಗ ಅಲ್ಲಿಗೆ ಕಳಿಸಿ ರಾತ್ರಿ ಕಿಟಕಿಯ ಬಳಿ ಕೂರಿಸಿದರೆ ಗಡಿ ಕಾಣುತ್ತದೆ ಎಂದೇ ಹೇಳಬೇಕಾದೀತು.

ಕೆಳಗಿಳಿದ ಮೇಲಿನ ಬದುಕಿನ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ, ಸಭೆಯೂ ಕೇಳಲಿಲ್ಲ. ಮೂವತ್ತೈದನೆಯ ವಯಸ್ಸಿಗೆ ಬದುಕಿನ ಅತಿ ಎತ್ತರದ ಜಾಗವನ್ನು ಮುಟ್ಟಿ ಬಂದವನು ಮಿಕ್ಕ ವರ್ಷಗಳನ್ನು ಏನು ಮಾಡಬೇಕು? ರಾಜಕೀಯ ಇತ್ತು, ಜಾಹೀರಾತು ಇತ್ತು. ಅವರು ವಾಯುಪಡೆಗೆ ಮರಳಿದರು. ಆಮೇಲೆ ಎಚ್‌ಎಎಲ್ ಸೇರಿ ಮೊದಲು ನಾಸಿಕದಲ್ಲಿ, ನಂತರ ಬೆಂಗಳೂರಿನಲ್ಲಿ ವಿಮಾನಗಳನ್ನು ಪರೀಕ್ಷೆಗೆ ಹಾರಿಸುವ ಕೆಲಸ ಮಾಡಿದರು. ಟೆಸ್ಟ್ ಪೈಲಟ್ಟಿನ ಕೆಲಸ ಎಂದರೆ ವಿಮಾನ ಎಲ್ಲಿ ಕೈಕೊಡುತ್ತದೆ ಎಂದು ಹುಡುಕಿ ಇಳಿದು ಬಂದು ಇದ್ದದ್ದನ್ನು ಇದ್ದಂತೆ ಬರೆದುಕೊಡುವುದು. ಚೆನ್ನಾಗಿದೆ ಎಂದು ಹೊಗಳುವ ಪೈಲಟ್ಟಿನಿಂದ ಎಂಜಿನಿಯರಿಗೆ ಉಪಯೋಗವಿಲ್ಲ, ಅವನ ನಂತರ ಅದನ್ನು ಹಾರಿಸುವ ಹುಡುಗನಿಗೆ ಅಪಾಯ. ಜೀವನವಿಡೀ ಇದೇ ಕಸುಬು ಮಾಡಿದವರ ನಾಲಿಗೆಗೆ ವೇದಿಕೆಯ ಮೇಲೆ ಮಾತ್ರ ಬಣ್ಣ ಹಚ್ಚು ಎಂದರೆ ಹೇಗೆ? ಕಡೆಗೆ ಅವರು ನೀಲಗಿರಿಯ ಕೂನೂರಿಗೆ ಹೋಗಿ ನೆಲೆಸಿದರು.

2025ರ ಜೂನ್ 25ರಂದು ಶುಭಾಂಶು ಶುಕ್ಲ ಫ್ಲಾರಿಡಾದಿಂದ ಹೊರಟಾಗ ಈ ಎಲ್ಲವೂ ಮತ್ತೆ ನೆನಪಾಯಿತು. ನಲವತ್ತೊಂದು ವರ್ಷದ ನಂತರ ಅಂತರಿಕ್ಷಕ್ಕೆ ಹೊರಟ ಎರಡನೆಯ ಭಾರತೀಯ. ಮತ್ತೆ ಪ್ರಧಾನಿಯ ಕರೆ, ಮತ್ತೆ ಗಡಿ ಕಾಣದ ಮಾತು, ಟೀವಿಯಲ್ಲಿ ಮತ್ತೆ ಅದೇ ವಿಶೇಷಣಗಳು. ಈ ನಡುವಿನ ನಲವತ್ತೊಂದು ವರ್ಷ ಖಾಲಿಯಾಗೇನೂ ಇರಲಿಲ್ಲ. 1985ರಲ್ಲಿ ಇಸ್ರೋದ ಎನ್.ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ಅವರನ್ನು ಅಮೆರಿಕದ ಶಟಲ್‌ನಲ್ಲಿ ಹೋಗಲು ಆರಿಸಿದ್ದರು, ಇನ್ಸಾಟ್-1ಸಿ ಉಪಗ್ರಹದ ಜೊತೆ. 1986ರ ಜನವರಿ 28ರಂದು ಚಾಲೆಂಜರ್ ಆಕಾಶದಲ್ಲೇ ಒಡೆದು ಏಳು ಜನ ತೀರಿಕೊಂಡರು. ಶಟಲ್ ಹಾರಾಟಗಳೇ ನಿಂತುಹೋದವು. ಉಪಗ್ರಹ 1988ರಲ್ಲಿ ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಹೋಯಿತು, ಅದಕ್ಕೆ ಮನುಷ್ಯರು ಬೇಕಿರಲಿಲ್ಲ. ಭಟ್ಟರೂ ರಾಧಾಕೃಷ್ಣನ್ ಅವರೂ ಇಲ್ಲೇ ಉಳಿದರು. ಶುಕ್ಲ ಅವರಿಗೂ ಕಾಯ್ದಿರಿಸಿದ ಆಳು ಇದ್ದರು, ಪ್ರಶಾಂತ್ ಬಾಲಕೃಷ್ಣನ್ ನಾಯರ್. ಅದೇ ತರಬೇತಿ, ಅದೇ ಉಡುಪು, ಕೊನೆಯವರೆಗೂ ತಯಾರು.

ನನಗೆ ಈಗ ಕೇಳಬೇಕೆನಿಸುವುದು ಇವರ ಮಾತು. ಮೇಲೆ ಹೋಗಿ ಬಂದವರ ಸಭೆಗೆ ಜನ ಕಿಕ್ಕಿರಿಯುತ್ತಾರೆ. ಹೋಗದೆ ಉಳಿದವರದೊಂದು ಭಾಷಣ ಏರ್ಪಡಿಸಲು ಯಾವ ಸಂಘವಾದರೂ ಮುಂದೆ ಬಂದೀತೆ? ಬಂದರೆ, ಹಣ್ಣಿನ ಬುಟ್ಟಿ ಸಣ್ಣದಿದ್ದರೂ ನಡೆದೀತು, ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ದೇವರು, ದೇಶ, ಗಡಿ ಯಾವುದನ್ನೂ ಕೇಳುವುದಿಲ್ಲ. ರಾಕೆಟ್ಟು ಮೇಲೇಳುವಾಗ ನೀವು ಎಲ್ಲಿ ನಿಂತಿದ್ದಿರಿ? ಮುಂದೆ ಯಾವ ಗುಂಡಿ ಒತ್ತಬೇಕು ಎಂಬುದು ಕೈಗೆ ಗೊತ್ತಿರುತ್ತದಲ್ಲ, ಆಗ ಆ ಕೈಯನ್ನು ಏನು ಮಾಡಿದಿರಿ? ಅವತ್ತು ರಾತ್ರಿ ಊಟಕ್ಕೆ ಯಾರ ಜೊತೆ ಕೂತಿರಿ? ಕಷ್ಟಪಟ್ಟು ಕಲಿತ ರಷ್ಯನ್ ಭಾಷೆಯನ್ನು ಆಮೇಲೆ ಯಾರೊಂದಿಗಾದರೂ ಆಡಿದಿರಾ?